ಪುಕ್ಕಟೆ ತಂತ್ರಾಂಶಕ್ಕೂ ಲೆಕ್ಕ ಬರೆಯುವವರು ಬೇಕು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹಾಲಿನ ಡೈರಿ ಕಾಣದವರು ಯಾರು? ಹಾಲು ಹಾಕುವವರು ರೈತರು. ಅದನ್ನು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದು, ಒಕ್ಕೂಟಕ್ಕೆ ಕಳಿಸಿ ಹಣ ತರುವುದು ಹಾಲು ಉತ್ಪಾದಕರ ಸಂಘದ ಕೆಲಸ. ಇದಕ್ಕೂ ಖರ್ಚಿದೆ. ಆದ್ದರಿಂದ ಒಕ್ಕೂಟದಿಂದ ಬರುವ ಹಣದಲ್ಲಿ ಲೀಟರಿಗೆ ಇಷ್ಟು ಎಂದು ಸಂಘ ಉಳಿಸಿಕೊಂಡು ಕಾರ್ಯದರ್ಶಿಯ ಸಂಬಳ ಮೊದಲಾದವನ್ನು ನಿಭಾಯಿಸುತ್ತದೆ. ಕಂಪ್ಯೂಟರ್ ಲೋಕದ ಮುಕ್ತ ತಂತ್ರಾಂಶಗಳ ಹಿಂದೆಯೂ ಇದನ್ನು ಹೋಲುವ ಏರ್ಪಾಡೊಂದಿದೆ. ಅದನ್ನು ಇಲ್ಲಿ ಪರಿಚಯಿಸಿಕೊಳ್ಳೋಣ.

ಮುಕ್ತ ತಂತ್ರಾಂಶ ಎಂದರೇನು?

ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಬರಹವನ್ನು ಓದಿ ತಿದ್ದಬಹುದಾದ, ಇತರರಿಗೆ ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇದಕ್ಕೆ ಒಳ್ಳೆಯ ಉದಾಹರಣೆ. ಹಲವು ದೇಶಗಳ ಸ್ವಯಂಸೇವಕರು ಸೇರಿ ಇದನ್ನು ಬೆಳೆಸಿದ್ದಾರೆ. 'ಗುಬ್ಬಿ', 'ನವಿಲು' ಎಂಬ ಕನ್ನಡ ಅಕ್ಷರ ವಿನ್ಯಾಸಗಳೂ ಅದರ ಭಂಡಾರದಲ್ಲಿವೆ. ಮುಳಬಾಗಿಲಿನ ವಿದ್ಯಾರ್ಥಿಯೊಬ್ಬ ಬಿಡಿಗಾಸೂ ಕೊಡದೆ ಅವನ್ನು ಪಡೆಯಬಹುದು.

ಪಡೆಯುವವರಿಗೆ ಖರ್ಚಿಲ್ಲವೆಂದ ಮಾತ್ರಕ್ಕೆ ನಡೆಸುವವರಿಗೂ ಖರ್ಚಿಲ್ಲವೆಂದು ಅರ್ಥವಲ್ಲ. ಸರ್ವರ್ ಯಂತ್ರಗಳು, ಸಮ್ಮೇಳನಗಳು, ಪ್ರಯಾಣ, ಜಾಲತಾಣದ ಹೆಸರಿನ ವಾರ್ಷಿಕ ಶುಲ್ಕ, ಇವೆಲ್ಲಕ್ಕೂ ಹಣ ಬೇಕು. ಬಳಸುವವರೂ ಕಂಪನಿಗಳೂ ದೇಣಿಗೆ ಕೊಡಲು ಸಿದ್ಧರಿರುತ್ತಾರೆ. ತೊಡಕು ಇರುವುದು ಬೇರೆಡೆ.

ಹಣ ಯಾರ ಹೆಸರಿಗೆ?

ಇಂತಹ ತಂಡಗಳಲ್ಲಿ ಎಷ್ಟೋ ತಂಡಗಳು ಕಾನೂನಿನ ಕಣ್ಣಿಗೆ ಕಾಣುವುದೇ ಇಲ್ಲ. ನೋಂದಣಿಯಿಲ್ಲ, ಕಚೇರಿಯಿಲ್ಲ. ದೇಣಿಗೆಯನ್ನು ಒಬ್ಬರ ಸ್ವಂತ ಖಾತೆಗೆ ಹಾಕಿಸಿಕೊಂಡರೆ ತೆರಿಗೆಯ ಪ್ರಶ್ನೆ ಅವರೊಬ್ಬರ ಮೇಲೆ ಬೀಳುತ್ತದೆ. ಅವರು ತಂಡ ಬಿಟ್ಟರೆ ಹಣದ ಗತಿಯೇನು?

ನಮ್ಮ ಹಳ್ಳಿಗಳ ಮಹಿಳಾ ಸಂಘಗಳಿಗೂ ಒಮ್ಮೆ ಇದೇ ಪ್ರಶ್ನೆ ಎದುರಾಗಿತ್ತು. 1993ರಲ್ಲಿ ರಿಸರ್ವ್ ಬ್ಯಾಂಕು, ನೋಂದಣಿಯಾಗದ ಸ್ವಸಹಾಯ ಸಂಘಗಳೂ ತಮ್ಮ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಲು ಅವಕಾಶ ಕೊಟ್ಟಿತು. ಹಲವು ದೇಶಗಳಲ್ಲಿ ಚದುರಿರುವ ತಂತ್ರಾಂಶ ತಂಡಗಳು ಕಂಡುಕೊಂಡ ದಾರಿ ಬೇರೆ. ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಯೊಂದರ ಆಶ್ರಯ ಪಡೆಯುವುದೇ ಆ ದಾರಿ. ಅದನ್ನು ನಾವು 'ಆಶ್ರಯ ಸಂಸ್ಥೆ' ಎನ್ನೋಣ. ದೇಣಿಗೆ ಸಂಸ್ಥೆಯ ಖಾತೆಗೆ ಬರುತ್ತದೆ. ತಂಡ ಹೇಳಿದ ಕೆಲಸಕ್ಕೆ, ಕಾನೂನು ಒಪ್ಪುವಂತಿದ್ದರೆ, ಸಂಸ್ಥೆ ಹಣ ಪಾವತಿ ಮಾಡುತ್ತದೆ. ಲೆಕ್ಕಪತ್ರ, ತೆರಿಗೆ, ಒಪ್ಪಂದ, ತಂಡದ ಹೆಸರು ಮತ್ತು ಚಿಹ್ನೆಗಳ ರಕ್ಷಣೆ ಸಂಸ್ಥೆಯ ಹೊಣೆ.

ಪಾಲು ಎಷ್ಟು?

ಡೆಬಿಯನ್‌ಗೆ ಆಶ್ರಯ ಕೊಟ್ಟಿರುವುದು 1997ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್' ಎಂಬ ಸಂಸ್ಥೆ. ಅದು ದೇಣಿಗೆಯಲ್ಲಿ ಶೇಕಡಾ 5ರಷ್ಟು ಉಳಿಸಿಕೊಳ್ಳುತ್ತದೆ. 2006ರಲ್ಲಿ ಆರಂಭವಾದ 'ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ'ಯ ಆಶ್ರಯದಲ್ಲಿ ಗಿಟ್, ಇಂಕ್‌ಸ್ಕೇಪ್ ಮೊದಲಾದವು ಇವೆ. ಅದರ ಪಾಲು ಶೇಕಡಾ 10. 'ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್' (1999) ಹಿಡಿದ ದಾರಿ ಬೇರೆ. ಕಂಪನಿಗಳ ಪ್ರಾಯೋಜಕತ್ವದ ಹಣ ಅಲ್ಲಿ ಸಾಮಾನ್ಯ ನಿಧಿಗೆ ಹೋಗುತ್ತದೆ. ಎಲ್ಲ ತಂಡಗಳ ಕಚೇರಿ ಕೆಲಸವೂ ಅದರಿಂದಲೇ ನಡೆಯುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ತಂಡವೊಂದಕ್ಕೆ 1,00,000 ರೂಪಾಯಿ ದೇಣಿಗೆ ಬಂದರೆ, ಶೇಕಡಾ 5ರಂತೆ ಸಂಸ್ಥೆಗೆ 5,000 ರೂಪಾಯಿ, ಶೇಕಡಾ 10ರಂತೆ 10,000 ರೂಪಾಯಿ. ಕೇವಲ 5,000 ರೂಪಾಯಿ ಬಂದ ಸಣ್ಣ ತಂಡದಿಂದ ಸಂಸ್ಥೆಗೆ ಸಿಗುವುದು 250 ಅಥವಾ 500 ರೂಪಾಯಿ. ಆದರೆ ರಸೀದಿ ಬರೆಯುವ, ಲೆಕ್ಕ ಪರಿಶೋಧನೆ ಮಾಡಿಸುವ ಶ್ರಮ ಸಣ್ಣ ತಂಡಕ್ಕೆ ಅಷ್ಟೇನೂ ಕಡಿಮೆಯಾಗುವುದಿಲ್ಲ. ಅಂದರೆ ದೊಡ್ಡ ತಂಡದ ಪಾಲು ಸಣ್ಣ ತಂಡದ ಭಾರವನ್ನೂ ಹೊರುತ್ತದೆ. ಹೆಚ್ಚು ಹಾಲು ಹಾಕುವವರಿಂದ ನಡೆಯುವ ಡೈರಿಯಲ್ಲಿ ಒಂದೇ ಹಸುವಿನವರಿಗೂ ಜಾಗವಿರುವಂತೆ.

ಪಾಲು ಸಾಲದಿದ್ದರೆ?

ಈ ಪಾಲನ್ನು ದಲ್ಲಾಳಿಯ ಕಮಿಷನ್ ಎಂದು ತಿಳಿಯಬಾರದು. ಅದನ್ನು ಹಂಚಿಕೊಳ್ಳುವ ಷೇರುದಾರರು ಇಲ್ಲಿಲ್ಲ. ಅದು ಹೊಣೆ ಹೊತ್ತದ್ದಕ್ಕೆ ಸಲ್ಲುವ ಖರ್ಚು. ಎಷ್ಟೋ ವೇಳೆ ಅದೂ ಸಾಲದು. ಕನ್ಸರ್ವೆನ್ಸಿಯು ಶೇಕಡಾ 10 ಪಡೆದೂ ಉಳಿದ ಖರ್ಚಿಗೆ ಸಾರ್ವಜನಿಕರ ದೇಣಿಗೆಯನ್ನು ನೆಚ್ಚಿಕೊಂಡಿದೆ. ಆಶ್ರಯ ಮುರಿದರೆ ಏನಾಗುತ್ತದೆ ಎಂಬುದು 2024ರಲ್ಲಿ ಕಂಡುಬಂತು. ಅಮೆರಿಕದ 'ಓಪನ್ ಕಲೆಕ್ಟಿವ್ ಫೌಂಡೇಶನ್' ಆ ವರ್ಷ ಮುಚ್ಚುವ ತೀರ್ಮಾನ ಪ್ರಕಟಿಸಿದಾಗ, ಅದನ್ನು ನಂಬಿದ್ದ ನೂರಾರು ಸಮುದಾಯ ಗುಂಪುಗಳು ಬೇರೆ ಆಶ್ರಯ ಹುಡುಕಬೇಕಾಯಿತು. ಪಾಲು ಕಡಿಮೆಯಿದ್ದರೆ ಸಾಕೆಂದು ನೋಡುವ ತಂಡ, ಸಂಸ್ಥೆ ಬಾಳಿಕೆ ಬರುವುದೇ ಎಂಬುದನ್ನೂ ನೋಡಬೇಕು.

ನಮ್ಮ ದೇಶದಲ್ಲಿ

ಇಲ್ಲಿ ಇನ್ನೊಂದು ಕಾನೂನನ್ನು ಗಮನಿಸಬೇಕು. ವಿದೇಶಿ ದೇಣಿಗೆ ಪಡೆಯುವ ಸಂಘ ಸಂಸ್ಥೆಗಳು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತವೆ. 2020ರ ತಿದ್ದುಪಡಿಯ ಪ್ರಕಾರ, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಲಾಯಿತು. ಹೀಗಾಗಿ ಹೊರದೇಶದ ಹಣ ನೆಚ್ಚಿ ಇಲ್ಲಿ ಆಶ್ರಯ ಸಂಸ್ಥೆ ನಡೆಸುವುದು ಸುಲಭವಲ್ಲ. ದೇಶದೊಳಗಿನ ನೆರವಿಗೆ ಬೆಲೆ ಬಂದಿರುವುದು ಇದರಿಂದಲೇ. ಬೆಂಗಳೂರಿನ ಫಾಸ್ ಯುನೈಟೆಡ್ ಸಂಸ್ಥೆ ಮುಕ್ತ ತಂತ್ರಾಂಶ ತಂಡಗಳಿಗೆ ಧನಸಹಾಯ ನೀಡುತ್ತದೆ. ಅದೇ ನಗರದ ಝೆರೋಧಾ ಕಂಪನಿ 2024ರಲ್ಲಿ, ಜಗತ್ತಿನ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುವ ನಿಧಿಯನ್ನು ಪ್ರಕಟಿಸಿತು.

ತಂತ್ರಾಂಶ ಬರೆಯುವವರ ಹೆಸರು ನಾಲ್ಕು ಜನರಿಗೆ ತಿಳಿಯುತ್ತದೆ. ಲೆಕ್ಕ ಬರೆಯುವವರ ಹೆಸರು ತಿಳಿಯುವುದಿಲ್ಲ. ಇಬ್ಬರೂ ಇದ್ದರೆ ಮಾತ್ರ ಕೆಲಸ ಮುಂದುವರಿಯುತ್ತದೆ. ನಾಳೆ ನಿಮ್ಮಲ್ಲಿ ಕೆಲವರು ಸೇರಿ ಕನ್ನಡಕ್ಕೊಂದು ತಂತ್ರಾಂಶ ಮಾಡಹೊರಟರೆ ಈ ಮಾತು ನೆನಪಿರಲಿ.

ಚರ್ಚೆಗೆ

1. ನಿಮ್ಮ ಊರಿನ ಡೈರಿ ಅಥವಾ ಸ್ವಸಹಾಯ ಸಂಘದ ಆಡಳಿತ ಖರ್ಚು ಎಲ್ಲಿಂದ ಬರುತ್ತದೆ? ವಿಚಾರಿಸಿ ತಿಳಿಯಿರಿ.

2. ಸಣ್ಣ ತಂಡಕ್ಕೂ ದೊಡ್ಡ ತಂಡಕ್ಕೂ ಒಂದೇ ಶೇಕಡಾವಾರು ಪಾಲು ನ್ಯಾಯವೇ? ಇಲ್ಲವಾದರೆ ಹೇಗಿರಬೇಕು?