ಸ್ವಯಂ ಜೋಡಣೆಯ ಸಿ.ಎನ್.ಸಿ. ರೂಟರ್ ಯಂತ್ರ: ಮೋಟಾರು ನಿಯಂತ್ರಣ ಸಾಧನಗಳ ಆಯ್ಕೆ

ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ಗಳಲ್ಲಿ ಬಾಗಿಲು, ದೇವರ ಮಂಟಪ, ನಾಮಫಲಕ ಮುಂತಾದವುಗಳನ್ನು ತಯಾರಿಸುವ ಮರಗೆಲಸದ ಕಿರು ಘಟಕಗಳಿಗೆ ಸಿ.ಎನ್.ಸಿ. ರೂಟರ್ ಯಂತ್ರವು ಉಪಯುಕ್ತವಾಗಿರುತ್ತದೆ. ಗಣಕಯಂತ್ರದಲ್ಲಿ ರಚಿಸಿದ ವಿನ್ಯಾಸದಂತೆ ಇದು ಮರ, ಪ್ಲೈವುಡ್ ಹಾಗೂ ಅಕ್ರಿಲಿಕ್ ಹಾಳೆಗಳನ್ನು ಕೊರೆಯುತ್ತದೆ. ಬಿದರಿ ಕಲೆಯ ಬಾಗಿದ ಮೈಯ ಲೋಹಪಾತ್ರೆಗಳ ಕೆತ್ತನೆಗೆ ಇದು ತಕ್ಕುದಲ್ಲ.

ಸಿದ್ಧ ಯಂತ್ರದ ಬೆಲೆ ಭರಿಸಲಾಗದವರು ಇದನ್ನು ತಾವೇ ಜೋಡಿಸಿಕೊಳ್ಳಬಹುದಾಗಿದೆ. ಆದರೆ ಮೋಟಾರು, ಡ್ರೈವರ್, ವಿದ್ಯುತ್ ಪೂರೈಕೆ ಘಟಕ ಹಾಗೂ ನಿಯಂತ್ರಕಗಳು ಒಂದಕ್ಕೊಂದು ಹೊಂದದಿದ್ದಲ್ಲಿ ಕೆಲಸ ಕೆಡುವುದಲ್ಲದೆ ಸಾಧನಗಳು ಸುಟ್ಟು ಹಣ ನಷ್ಟವಾಗುತ್ತದೆ. ಆದ್ದರಿಂದ ಖರೀದಿಗೆ ಮುನ್ನ ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಮೋಟಾರು

ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ಪರ್ ಮೋಟಾರನ್ನು ಬಳಸಲಾಗುತ್ತದೆ. ಇದು ಪ್ರತಿ ಹೆಜ್ಜೆಗೆ 1.8 ಡಿಗ್ರಿಯಂತೆ 200 ಹೆಜ್ಜೆಗಳಲ್ಲಿ ಒಂದು ಸುತ್ತು ಪೂರ್ಣಗೊಳಿಸುತ್ತದೆ. ವೇಗ ಹೆಚ್ಚಿದಂತೆ ಇದರ ತಿರುಗುಬಲ ಕುಗ್ಗುತ್ತದೆ. ಕೊರೆಯುವ ಅಲಗು ಸಿಕ್ಕಿಕೊಂಡು ಹೆಜ್ಜೆ ತಪ್ಪಿದರೂ ಸಾಧಾರಣ ಸ್ಟೆಪ್ಪರ್ ವ್ಯವಸ್ಥೆಗೆ ಅದು ತಿಳಿಯುವುದಿಲ್ಲ. ಆದಕಾರಣ ಅಗತ್ಯಕ್ಕಿಂತ ತುಸು ಹೆಚ್ಚು ಬಲದ ಮೋಟಾರನ್ನು ಆರಿಸತಕ್ಕದ್ದು.

2. ಡ್ರೈವರ್

ಮೋಟಾರಿನ ಮೇಲೆ ನಮೂದಿಸಿದ ಪ್ರತಿ ಫೇಸಿನ ಆಂಪಿಯರ್ ಪ್ರಮಾಣವೇ ಡ್ರೈವರ್ ಆಯ್ಕೆಗೆ ಆಧಾರ. ಉದಾಹರಣೆಗೆ, 3 ಆಂಪಿಯರ್ ಮೋಟಾರಿಗೆ ಗರಿಷ್ಠ 2 ಆಂಪಿಯರ್ ನೀಡುವ ಎ4988 ಮಾದರಿಯು ಸಾಲದು. 20ರಿಂದ 50 ವೋಲ್ಟ್‌ನಲ್ಲಿ 4.2 ಆಂಪಿಯರ್‌ವರೆಗೆ ನೀಡುವ ಡಿಎಂ542 ಮಾದರಿಯು ಹೊಂದುತ್ತದೆ. ವಿದ್ಯುತ್ ಚಾಲನೆಯಲ್ಲಿರುವಾಗ ಮೋಟಾರಿನ ತಂತಿಯನ್ನು ಕಳಚಬಾರದು. ಕಳಚಿದಲ್ಲಿ ಡ್ರೈವರ್ ಸುಡುವ ಸಂಭವವಿದೆ.

3. ವಿದ್ಯುತ್ ಪೂರೈಕೆ ಘಟಕ

ಮೋಟಾರಿನ ಇಂಡಕ್ಟೆನ್ಸ್ ಅನ್ನು ಮಿಲಿಹೆನ್ರಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 32ರಿಂದ ಗುಣಿಸಿದರೆ ವೋಲ್ಟೇಜಿನ ಸ್ಥೂಲ ಮೇಲ್ಮಿತಿ ದೊರೆಯುತ್ತದೆ. 2.25 ಮಿಲಿಹೆನ್ರಿ ಇದ್ದಲ್ಲಿ ಅದು 48 ವೋಲ್ಟ್ ಆಗುತ್ತದೆ. ಆದರೆ ವೇಗ ತಗ್ಗುವಾಗ ಮೋಟಾರು ವಿದ್ಯುತ್ತನ್ನು ಹಿಂದಕ್ಕೆ ಕಳುಹಿಸುವುದರಿಂದ, 50 ವೋಲ್ಟ್ ಮಿತಿಯ ಡ್ರೈವರಿಗೆ 36 ವೋಲ್ಟ್ ಘಟಕವು ಹೆಚ್ಚು ಸುರಕ್ಷಿತ.

4. ನಿಯಂತ್ರಕ

ಆರ್ಡುಯಿನೊ ಯೂನೊ ಫಲಕದ ಮೇಲೆ ನಡೆಯುವ ಉಚಿತ ತಂತ್ರಾಂಶ ಜಿಆರ್‌ಬಿಎಲ್, ಸೆಕೆಂಡಿಗೆ ಸುಮಾರು 30,000 ಸಂಕೇತಗಳನ್ನು ನೀಡಬಲ್ಲದು. ಒಂದು ಸುತ್ತಿಗೆ 5 ಮಿ.ಮೀ. ಚಲಿಸುವ ಸ್ಕ್ರೂ ಇದ್ದು, ಪ್ರತಿ ಹೆಜ್ಜೆಯನ್ನು 8 ಭಾಗ ಮಾಡಿದಲ್ಲಿ ಪ್ರತಿ ಮಿ.ಮೀ.ಗೆ 320 ಸಂಕೇತಗಳು ಬೇಕು. ಸೆಕೆಂಡಿಗೆ 50 ಮಿ.ಮೀ. ವೇಗಕ್ಕೆ ಇದು 16,000 ಆಗುತ್ತದೆ. ಹೆಜ್ಜೆಯನ್ನು 16 ಭಾಗ ಮಾಡಿದರೆ 32,000 ಆಗಿ ಮಿತಿ ಮೀರುತ್ತದೆ. ಭಾಗಗಳು ಹೆಚ್ಚಿದಷ್ಟೂ ಉತ್ತಮವೆಂಬ ಭಾವನೆ ಸರಿಯಲ್ಲ.

5. ಸುರಕ್ಷತೆ

• ವಿದ್ಯುತ್ ಕಡಿತವಾದಾಗ ಯಂತ್ರವು ತನ್ನ ಸ್ಥಾನವನ್ನು ಮರೆಯುತ್ತದೆ. ಪ್ರತಿ ಅಕ್ಷಕ್ಕೂ ಲಿಮಿಟ್ ಸ್ವಿಚ್ ಅಳವಡಿಸಿ, ಮೂಲಸ್ಥಾನದಿಂದ ಪುನಃ ಆರಂಭಿಸತಕ್ಕದ್ದು.
• ವಿದ್ಯುತ್ ಮರಳಿ ಬಂದೊಡನೆ ಕೊರೆಯುವ ಮೋಟಾರು ತಾನಾಗಿಯೇ ತಿರುಗಬಾರದು. ಇದಕ್ಕಾಗಿ ಕಾಂಟ್ಯಾಕ್ಟರ್ ಅಳವಡಿಸುವುದು ಅವಶ್ಯ.
• ತುರ್ತು ನಿಲುಗಡೆ ಗುಂಡಿಯು ತಂತ್ರಾಂಶವನ್ನು ಅವಲಂಬಿಸದೆ, ಆ ಕಾಂಟ್ಯಾಕ್ಟರ್ ಮೂಲಕ ನೇರವಾಗಿ ವಿದ್ಯುತ್ತನ್ನು ಕಡಿಯುವಂತಿರಬೇಕು.
• ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ನೆಲವು ಬೇಸಿಗೆಯಲ್ಲಿ ಒಣಗುವುದರಿಂದ ಅರ್ಥಿಂಗ್ ದುರ್ಬಲಗೊಳ್ಳುತ್ತದೆ. ಅರ್ಥಿಂಗ್ ಗುಂಡಿಗೆ ನಿಯಮಿತವಾಗಿ ನೀರುಣಿಸಬೇಕು.
• ಡ್ರೈವರ್ ಪೆಟ್ಟಿಗೆಗೆ ಫ್ಯಾನ್ ಹಾಗೂ ಮರದ ಪುಡಿಯನ್ನು ತಡೆಯುವ ಜಾಲರಿ ಇರಲಿ.

ಮೊದಲು ಒಂದು ಅಕ್ಷಕ್ಕೆ ಮಾತ್ರ ಸಾಧನಗಳನ್ನು ಖರೀದಿಸಿ, ಪರೀಕ್ಷಿಸಿ, ಬಳಿಕ ಉಳಿದವನ್ನು ಕೊಳ್ಳುವುದು ಮಿತವ್ಯಯಕರ. 230 ವೋಲ್ಟ್ ಸಂಪರ್ಕವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.