ಕೋಳಿಯ ಪೆಟ್ಟಿಗೆ ಸೇರಿದ ಹಾವಿನ ಮೊಟ್ಟೆ

ಅಮೆರಿಕದಲ್ಲಿ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿಯನ್ನು ಸಾಕುವವರು ಹಾವು ಮೊಟ್ಟೆಯಿಟ್ಟ ದಿನ ಮೊದಲು ಹುಡುಕುವುದು ಪೆನ್ಸಿಲನ್ನು. ತಾಯಿಯ ಸುರುಳಿಯನ್ನು ಮೆಲ್ಲಗೆ ಬಿಡಿಸಿ, ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳನ್ನು ಎತ್ತುವ ಮೊದಲು ಪ್ರತಿಯೊಂದರ ನೆತ್ತಿಗೂ ಒಂದು ಗುರುತು ಹಾಕುತ್ತಾರೆ. ಮರಿ ಹೊರಬರುವವರೆಗೆ ಆ ಗುರುತು ಮೇಲ್ಮುಖವಾಗಿಯೇ ಇರಬೇಕು. ಮುಂದಿನ 55–60 ದಿನ ಮೊಟ್ಟೆಗಳ ವಾಸ 31–32 ಡಿಗ್ರಿ ಸೆಲ್ಸಿಯಸ್ ಕಾವಿರುವ ಪೆಟ್ಟಿಗೆಯಲ್ಲಿ. ಈ ಪೆಟ್ಟಿಗೆ ಹಾವಿಗೆಂದು ಹುಟ್ಟಿದ್ದಲ್ಲ. ಅದರ ಪೂರ್ವಿಕರೆಲ್ಲ ಕೋಳಿಮನೆಯವರು.

ಹೇಂಟೆಯಿಲ್ಲದೆ ಮರಿ ಮಾಡಿಸುವ ಕಸುಬು ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದು. ಇಟ್ಟಿಗೆಯ ಗೂಡುಗಳಲ್ಲಿ ಸಾವಿರಾರು ಮೊಟ್ಟೆ ಇಟ್ಟು, ಹುಲ್ಲು ಸೆಗಣಿಯ ಬೆಂಕಿಯಿಂದ ಬಿಸಿ ಮಾಡುತ್ತಿದ್ದರು. ಥರ್ಮಾಮೀಟರ್ ಇರಲಿಲ್ಲ, ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಕಾವು ಅಂದಾಜು ಮಾಡುವ ಅನುಭವಿಗಳಿದ್ದರು. 1749ರಲ್ಲಿ ಫ್ರಾನ್ಸಿನ ವಿಜ್ಞಾನಿ ರೇಯೋಮ್ಯೂರ್ ಕೃತಕ ಕಾವಿನ ಬಗ್ಗೆಯೇ ಒಂದು ಗ್ರಂಥ ಬರೆದ.

ಬೆಂಕಿ ಹೊತ್ತಿಸುವುದು ಯಾರಿಗೂ ಕಷ್ಟವಲ್ಲ. ಹದ ಮುಟ್ಟಿದ ಕೂಡಲೇ ಅದನ್ನು ತಡೆಯುವುದರಲ್ಲೇ ಇತ್ತು ತೊಡಕು. 17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಆಸ್ಥಾನದಲ್ಲಿದ್ದ ಡಚ್ಚರ ಕಾರ್ನೆಲಿಸ್ ಡ್ರೆಬೆಲ್ ಇದಕ್ಕೊಂದು ಉಪಾಯ ಮಾಡಿದ. ಮೊಟ್ಟೆಪೆಟ್ಟಿಗೆ ಬಿಸಿಯಾದಂತೆ ನಳಿಗೆಯೊಳಗಿನ ಆಲ್ಕೊಹಾಲ್ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು. ಪಾದರಸ ಒಂದು ಕಡ್ಡಿಯನ್ನು ಎತ್ತಿ ಒಲೆಯ ಗಾಳಿಕಿಂಡಿಯನ್ನು ಮುಚ್ಚುತ್ತಿತ್ತು. ಇಂದು ನಮ್ಮ ಫ್ರಿಜ್, ಗೀಸರ್, ಇಸ್ತ್ರಿಪೆಟ್ಟಿಗೆಗಳಲ್ಲಿರುವ ಥರ್ಮೋಸ್ಟಾಟ್‌ನ ಮೂಲಪುರುಷ ಅದೇ. 1881ರಲ್ಲಿ ಲಂಡನ್ನಿನ ಚಾರ್ಲ್ಸ್ ಹಿಯರ್‌ಸನ್ ಅದನ್ನು ಇನ್ನೂ ಸರಳ ಮಾಡಿದ. ಎರಡು ತೆಳು ತಗಡುಗಳ ನಡುವೆ ಬೇಗ ಕುದಿಯುವ ದ್ರವದ ಕೆಲವು ಹನಿ. ಶಾಖ ಮಿತಿ ದಾಟಿದರೆ ಬಿಲ್ಲೆ ಉಬ್ಬಿ ಸನ್ನೆಯನ್ನು ಎತ್ತುತ್ತದೆ, ಪೆಟ್ಟಿಗೆಗೆ ಕಾವು ಕೊಡುವ ದೀಪದ ಬಿಸಿ ಬೇರೆ ದಾರಿ ಹಿಡಿಯುತ್ತದೆ.

ಇತ್ತ ಹಾವಿನ ಕಾವಿನ ಕಥೆಯೇ ಬೇರೆ. ಹೆಬ್ಬಾವು ತನ್ನ ಮೊಟ್ಟೆಗಳಿಗೆ ಸ್ವಂತ ಮೈಯಿಂದ ಕಾವು ಕೊಡುತ್ತದೆ ಎಂದು, ಭಾರತದಲ್ಲಿ ಸುತ್ತಾಡಿ ಬಂದಿದ್ದ ಲಮಾರ್-ಪಿಕೋ 1832ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಹೇಳಿದಾಗ ಯಾರೂ ಒಪ್ಪಲಿಲ್ಲ. ತಣ್ಣನೆಯ ರಕ್ತದ ಪ್ರಾಣಿ ಬಿಸಿ ತರುವುದು ಎಲ್ಲಿಂದ? ಆದರೆ 1841ರಲ್ಲಿ ಪ್ಯಾರಿಸ್ಸಿನ ಪ್ರಾಣಿಸಂಗ್ರಹದಲ್ಲೇ ಹೆಬ್ಬಾವೊಂದು ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಪ್ರಾಣಿವಿಜ್ಞಾನಿ ವಾಲೆನ್ಸಿಯೆನ್ ಅದರ ಸುರುಳಿಯ ನಡುವೆ ಥರ್ಮಾಮೀಟರ್ ಇಟ್ಟು ನೋಡಿದ: ಸುತ್ತಲಿನ ಗಾಳಿಗಿಂತ ಅಲ್ಲಿ ಬಿಸಿ ಸ್ಪಷ್ಟವಾಗಿಯೇ ಹೆಚ್ಚಿತ್ತು. ಬಿಸಿ ಬರುವ ಬಗೆಯನ್ನು 1966ರಲ್ಲಿ ನ್ಯೂಯಾರ್ಕ್ ಮೃಗಾಲಯದ ಹೆಬ್ಬಾವಿನ ಮೇಲೆ ಹಚಿಸನ್, ಡೌಲಿಂಗ್ ಮತ್ತು ವಿನೆಗರ್ ಅಳೆದು ತೋರಿಸಿದರು. ಚಳಿ ಹೆಚ್ಚಿದಂತೆ ತಾಯಿ ತನ್ನ ಸ್ನಾಯುಗಳನ್ನು ಬಿಗಿದು ಬಿಗಿದು ನಡುಗುತ್ತದೆ. ಸುತ್ತಲಿಗಿಂತ ಸುಮಾರು ಐದು ಡಿಗ್ರಿಯವರೆಗೆ ಮೈಯನ್ನು ಬಿಸಿ ಇಟ್ಟುಕೊಳ್ಳಬಲ್ಲದು. ಅಂದರೆ ಡ್ರೆಬೆಲ್‌ನ ಕಡ್ಡಿ ಮಾಡುವ ಕೆಲಸ ಈ ತಾಯಿಗೆ ಹುಟ್ಟಿನಿಂದಲೇ ಗೊತ್ತು.

ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಮಾತ್ರ ಹಾಗೆ ನಡುಗುವುದಿಲ್ಲ. ಮೊಟ್ಟೆಗಳನ್ನು ಸುತ್ತಿಕೊಂಡು ತೇವ ಆರದಂತೆ ಕಾಯುತ್ತದೆ. ಬಿಸಿಯನ್ನು ತಾನು ಆರಿಸಿಕೊಂಡ ಬಿಲಕ್ಕೆ ಬಿಡುತ್ತದೆ. ಘಾನಾ, ಟೋಗೊ, ಬೆನಿನ್‌ಗಳಿಂದ ಈ ಹಾವುಗಳು ಸಾಕುವವರ ಮಾರುಕಟ್ಟೆಗೆ ಹರಿದು ಬಂದವು. 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಬಿಳಿ-ಹಳದಿ ಬಣ್ಣದ ಅಲ್ಬಿನೊ ಬಾಲ್ ಪೈಥಾನ್ ಮರಿ ಮಾಡಿಸಿದ ಮೇಲೆ, ಬಣ್ಣ ಬಣ್ಣದ ತಳಿಗಳ ಹುಚ್ಚು ಹತ್ತಿತು. ಮೊಟ್ಟೆಯ ಬೆಲೆ ಏರಿದಂತೆ ಮೊಟ್ಟೆಯನ್ನು ತಾಯಿಯ ಪಾಲಿಗೆ ಬಿಡುವವರು ಕಡಿಮೆಯಾದರು. ಕೈಗೆ ಸುಲಭವಾಗಿ ಸಿಕ್ಕಿದ್ದು ಕೋಳಿ ಸಾಕುವವರಿಗೆಂದು ಮಾಡಿದ ಥರ್ಮೋಕೋಲ್ ಪೆಟ್ಟಿಗೆ, ಹೋವಾ-ಬೇಟರ್. ಅದರೊಳಗೂ ಹಿಯರ್‌ಸನ್ ಕಾಲದ್ದೇ ಜಾತಿಯ ಉಬ್ಬುವ ಬಿಲ್ಲೆ.

ಕೋಳಿಯ ಪಾಠಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಮರೆಯಬೇಕಾಯಿತು. ಕೋಳಿಮೊಟ್ಟೆಗೆ ಸುಮಾರು 37.5 ಡಿಗ್ರಿ ಬೇಕು. ಆ ಶಾಖದಲ್ಲಿ ಹಾವಿನ ಮೊಟ್ಟೆ ಉಳಿಯದು. ಕೋಳಿಮೊಟ್ಟೆಯನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು. ಹಾವಿನ ಭ್ರೂಣವೋ ಬೇಗನೆ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುವುದರಿಂದ ಮಗುಚಿದರೆ ಸಾಯಬಹುದು. ಪೆನ್ಸಿಲ್ ಗುರುತು ಅದಕ್ಕಾಗಿ. ಚರ್ಮದಂಥ ಮೆತ್ತನೆ ಚಿಪ್ಪು ನೀರು ಹೀರುವುದರಿಂದ ಕೆಳಗೆ ನೀರು ಹಿಡಿದಿಡುವ ಖನಿಜದ ಹರಳು, ಒದ್ದೆ ವರ್ಮಿಕ್ಯುಲೈಟ್ ಬೇಕು. ಹದ ತಿಳಿಯಲು ಅದನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಾರೆ: ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ತೇವ ಸಾಲದಿದ್ದರೆ ಮೊಟ್ಟೆ ಗುಳಿ ಬೀಳುತ್ತದೆ.

ಕಾವು ತುಸು ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ, ಅಷ್ಟೇ. ಹೆಚ್ಚಾದರೆ ಬೆನ್ನುಮೂಳೆ ಸೊಟ್ಟಗಾಗಬಹುದು, ಮೊಟ್ಟೆಯೊಳಗೇ ಮರಿ ಸಾಯಬಹುದು. ಹಾಗಾಗಿ ಅನುಭವಿಗಳು ಥರ್ಮೋಸ್ಟಾಟ್‌ನ ಸಂವೇದಕವನ್ನು ಪೆಟ್ಟಿಗೆಯ ಮೂಲೆಯಲ್ಲಿಡದೆ ಮೊಟ್ಟೆಗಳ ಪಕ್ಕದಲ್ಲೇ ಇಡುತ್ತಾರೆ, ತಾಳೆ ನೋಡಲು ಇನ್ನೊಂದು ಥರ್ಮಾಮೀಟರ್ ಇಡುತ್ತಾರೆ. ಬಾಗಿಲು ತೆರೆದಾಗ ಕಾವು ಕುಸಿಯದಿರಲಿ ಎಂದು ನೀರಿನ ಬಾಟಲಿಗಳನ್ನು ಜೋಡಿಸುತ್ತಾರೆ. ಆದರೂ ಒಂದು ಕೊರತೆ ಉಳಿಯಿತು. ಈ ಪೆಟ್ಟಿಗೆಗೆ ಬಿಸಿ ಮಾಡಲು ಗೊತ್ತು, ತಣಿಸಲು ಗೊತ್ತಿಲ್ಲ. ಬೇಸಿಗೆಯಲ್ಲಿ ಕೋಣೆಯೇ 35 ಡಿಗ್ರಿ ಮುಟ್ಟಿದರೆ ಥರ್ಮೋಸ್ಟಾಟ್ ಕೈಚೆಲ್ಲಿ ಕೂರುತ್ತದೆ. ಅದಕ್ಕೇ ಕೆಲವರು ವೈನ್ ಇಡುವ ಪುಟ್ಟ ಫ್ರಿಜ್ಜಿನೊಳಗೆ ಬಿಸಿಪಟ್ಟಿ ಅಳವಡಿಸಿದರು. ಉಳಿದವರು ಪೆಟ್ಟಿಗೆಯನ್ನು ಕಿಟಕಿಯಿಂದ ದೂರ, ಮನೆಯ ತಂಪು ಕೋಣೆಗೆ ಸಾಗಿಸಿದರು. ಒಳ್ಳೆಯ ಜಾಗ ಹುಡುಕುವುದು ಬಾಲ್ ಪೈಥಾನ್ ತಾಯಿಯ ಹಳೆಯ ವಿದ್ಯೆಯೇ.

ನಮ್ಮಲ್ಲಿ ಈ ಹವ್ಯಾಸಕ್ಕೆ ದಾರಿ ಕಿರಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹೆಬ್ಬಾವು, ನಾಗರಹಾವುಗಳಂಥ ನಮ್ಮ ಕಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವುದೇ ಅಪರಾಧ. ಮಲೆನಾಡಿನಲ್ಲಿ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುವ ಕಾಳಿಂಗ ಸರ್ಪಕ್ಕೆ, ಕೊಳೆಯುವ ಆ ಎಲೆಗಳೇ ಕಾವು ಮತ್ತು ತೇವ ಒದಗಿಸುತ್ತವೆ. ತೋಟದಂಚಿನಲ್ಲಿ ಅಂಥ ಗೂಡು ಕಂಡರೆ ಮೊಟ್ಟೆ ಎತ್ತಿ ಪೆಟ್ಟಿಗೆಗೆ ಹಾಕುವ ಉಪಕಾರ ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಜನ ಮತ್ತು ನಾಯಿಗಳನ್ನು ದೂರವಿಟ್ಟರೆ ಸಾಕು. ಉಳಿದದ್ದನ್ನು ಎಲೆಗಳು ನೋಡಿಕೊಳ್ಳುತ್ತವೆ.