ಕಲ್ಲಿನ ಮೇಲಿನ ಕೈಬರಹ

ಹೆಗ್ಗಡದೇವನಕೋಟೆ ಸೀಮೆಯ ಬೆಳತೂರು ಶಾಸನ ಹಳಗನ್ನಡ ಓದಿದವರಿಗೆ ಹೊಸದಲ್ಲ. ಶಕ 979, ಅಂದರೆ ಕ್ರಿ.ಶ. 1057ರ ಬರಹ. ಜಟ್ಟಿಕಾಳಗದಲ್ಲಿ ಎದುರಾಳಿಯನ್ನು ಕೊಂದ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾಗುತ್ತದೆ. ಹೆತ್ತವರು ಬೇಡವೆಂದರೂ ಕೇಳದೆ ಹೆಂಡತಿ ದೇಕಬ್ಬೆ ಬೆಂಕಿಗೆ ಬೀಳುತ್ತಾಳೆ. ಆ ಪದ್ಯಗಳನ್ನು ನಾವು ಹೊಗಳಿದ್ದೇವೆ. ಅವನ್ನು ಕಲ್ಲಿಗಿಳಿಸಿದ ಕೈಯನ್ನು ಹೊಗಳಿದ್ದು ಕಡಿಮೆ.

ಚೀನಾದಲ್ಲಿ ಹಾಗಲ್ಲ. ಷಿಯಾನ್ ನಗರದಲ್ಲಿ 1087ರಿಂದಲೂ ಶಿಲಾಫಲಕಗಳನ್ನು ಕೂಡಿಟ್ಟಿದ್ದಾರೆ. ಕ್ರಿ.ಶ. 185ರ ತ್ಸಾವ್ ಚುವಾನ್ ಫಲಕದ ಪಡಿಯಚ್ಚನ್ನು ಮುಂದಿಟ್ಟುಕೊಂಡು ಬರಹ ಕಲಿಯುವವರು ಇಂದಿಗೂ ಅಕ್ಷರ ತಿದ್ದುತ್ತಾರೆ. ಅಲ್ಲಿ ಉಳಿ ಹಿಂಬಾಲಿಸುವುದು ಕುಂಚವನ್ನು. ನಮ್ಮ ಅಕ್ಷರಗಳ ದುಂಡುತನಕ್ಕೆ ಓಲೆಗರಿಯ ಮೇಲೆ ಆಡಿದ ಕಬ್ಬಿಣದ ಕಂಟವೇ ಕಾರಣವೆನ್ನುವವರಿದ್ದಾರೆ. ನೇರ ಗೆರೆ ಎಳೆದರೆ ಗರಿ ಸೀಳುತ್ತದೆ.

ಪಡಿಯಚ್ಚು ತೆಗೆಯುವ ಕೆಲಸ ನಮ್ಮಲ್ಲೂ ಉಂಟು. ಕಲ್ಲು ತೊಳೆದು, ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿದ ಮೇಲೆ ಮಸಿ ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಏಳುತ್ತದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟ (1898) ಹುಣಸೂರು, ಹೆಗ್ಗಡದೇವನಕೋಟೆ, ಆಗಿನ ಎಡತೊರೆ (ಈಗಿನ ಕೆ.ಆರ್. ನಗರ) ತಾಲ್ಲೂಕುಗಳ ಶಾಸನಗಳನ್ನು ಅಚ್ಚಿಗೆ ತಂದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿತು. ಆದರೆ ಅಚ್ಚುಮೊಳೆಗೆ ಇಳಿದದ್ದು ಪಾಠ ಮಾತ್ರ. ಬರಹದ ವರಸೆ ಕಲ್ಲಿನಲ್ಲೇ ಉಳಿಯಿತು.

ಆ ವರಸೆ ಕಲ್ಲಿನ ಜಾತಿಯನ್ನೂ ಅವಲಂಬಿಸಿದೆ. ಹೊಯ್ಸಳರ ಬಳಪದ ಕಲ್ಲು ಮೆತ್ತಗೆ, ಕೊಂಡಿ ಬಳುಕುಗಳಿಗೆಲ್ಲ ಒಗ್ಗುತ್ತದೆ. ಗಟ್ಟಿ ಕರಿಕಲ್ಲು ಒಗ್ಗುವುದಿಲ್ಲ. ಅಲ್ಲಿ ಅಕ್ಷರ ಅಗಲ, ಆಳ ಕಡಿಮೆ, ಸಿಂಗಾರ ಮಿತ. ಹಾಗಾಗಿ ಅಂದವೆಲ್ಲ ತಲೆಕಟ್ಟಿನ ಸಾಲು, ಹೊಟ್ಟೆಯ ದುಂಡು, ಅಕ್ಷರಗಳ ನಡುವಿನ ಬಿಡುವಿನಲ್ಲಿ. ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲದ್ದರಿಂದ ಸಾಲಿನ ನಡೆ ಮುಗ್ಗರಿಸಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಉಳಿ ಜಾರಿದರೆ ಅಳಿಸುವ ಮಾತೇ ಇಲ್ಲ.

ಕೆ.ಆರ್. ನಗರದ ಕಡೆಯ ಚಿಕ್ಕಹನಸೋಗೆಯ ಆದಿನಾಥ ಬಸದಿಯಲ್ಲಿ ಚಂಗಾಳ್ವರ ಕಾಲದ ಬರಹಗಳಿವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಗುಡಿಯಂಗಳ, ಹೊಲದ ಬದುಗಳಲ್ಲೂ ಶಾಸನಗಲ್ಲುಗಳು ಸಿಗುತ್ತವೆ. ನೋಡುವುದಾದರೆ ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಬೇಕು. ನಡುಮಧ್ಯಾಹ್ನ ಅಕ್ಷರ ಮುಖ ತೋರಿಸುವುದಿಲ್ಲ. ಸುಣ್ಣ, ಎಣ್ಣೆ, ಪೇಂಟು ಬೇಡ. ರಾಜನ ಹೆಸರು, ತೇದಿ ಹುಡುಕುವ ಮೊದಲು ಒಂದೇ ಅಕ್ಷರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹಿಂಬಾಲಿಸಿ. ಹದವಾದ ಕೈ ಯಾವುದು, ಅವಸರದ ಕೈ ಯಾವುದು ಎಂಬುದು ಲಿಪಿ ಬಾರದವರಿಗೂ ಗೊತ್ತಾಗುತ್ತದೆ. ಕನ್ನಡಕ್ಕೆ ಹೊಸ ಫಾಂಟು ರೂಪಿಸುವವರು ಈ ಪಡಿಯಚ್ಚುಗಳ ಮೇಲೆ ಕೈ ತಿದ್ದಿಕೊಂಡರೆ ನಷ್ಟವೇನಿಲ್ಲ.